ಬಳಿಗಾರ ಕಾಕಾನ ಕುದಿಯೋ ಗಾಡಿ

ಬೆಟಗೇರಿಯ ಬಳಿಗಾರ ಕಾಕಾ ತೀರಿಕೊಂಡ ಅಂತ ಖಬರ ಬಂದಾಗ ನಾನು ಪ್ರೆಸ್ಸಿನಾಗ ಯಾರದೋ ಲಗ್ನಪತ್ರಿಕಿ ಪ್ರೂಫ್ ಹಿಡಕೊಂಡು ಒದರಾಕ ಹತ್ತಿದ್ದೆ. ಮದುಮಗನ ಹೆಸರಿನ ಜಾಗಾದಾಗ ಹುಡುಗಿ ಅಪ್ಪನ ಹೆಸರು ಬಿದ್ದಿತ್ತು. ಖಬರ ಕೇಳಿದ್ದ ತಡ, ಒದರೋದು ನಿಂತು ಹೋತು. ಪ್ರೂಫ್ ಅಲ್ಲೇ ಇಟ್ಟು ಚಪ್ಪಲಿ ಮೆಟ್ಟಿಕೊಂಡು ನಡದಬಿಟ್ಟೆ. ಅವನ ಮನಿ ಮುಂದ ಗಂಡಸರಕಿಂತ ಹೆಂಗಸರ ಹೆಚ್ಚು ನೆರೆದಿದ್ರು. ಸೊರಟೂರದವ್ರು, ಲಕ್ಷ್ಮೇಶ್ವರದವ್ರು, ಶಿರಹಟ್ಟಿ ಕಡಿಯವ್ರು. ಒಬ್ಬಾಕಿ ಮುದುಕಿ ತನ್ನ ಎರಡೂ ಕೈ ಮುಂದ ಚಾಚಿ, "ಈ ಕೈಗೆ ಅವನ ಬಿಟ್ಟು ಮತ್ತ್ಯಾರೂ ಬಳಿ ಇಡಿಸಿಲ್ಲರಿ," ಅಂತ ಕಂಡಕಂಡವರಿಗೆ ತೋರಿಸಿ ಅಳತಿದ್ಲು. ನನಗೂ ಕಣ್ಣಾಗ ನೀರು ಬಂತು. ಆದ್ರ ಖರೆ ಹೇಳಬೇಕಂದ್ರ, ಅಳಕೋತ ನಿಂತಲ್ಲೇ ಅವನ ಕಾರು ನೆನಪಾಗಿ, ನಗು ತಡಿಲಾರದ ಟಾವೆಲ್ ಬಾಯಿಗೆ ಒತ್ತಿಕೊಂಡು ಹಿತ್ತಲಕ್ಕ ಹೋಗಬೇಕಾತು.

ಅವರಪ್ಪ ಬಳಿ ಮಲಾರ ಹೆಗಲ ಮ್ಯಾಲ ಹೊತ್ತು ಊರೂರು ನಡಕೋತ ಅಡ್ಯಾಡಿದಾಂವ. ಕಾಕಾಗ ನಡಿಯೋದು ಮರ್ಯಾದಿಗೆ ಕಡಿಮಿ ಅನಸ್ತಿತ್ತು. ಬಸ್ಸಿನಾಗ ಹೋದ್ರ ಗಾಜಿನ ಬಳಿ ಚೂರುಚೂರು. ಅದಕ್ಕ ಯಾರೋ ಸಾಹುಕಾರರು ಮಾರಾಕ ಇಟ್ಟಿದ್ದ ಒಂದು ದುಂಡನ ಹಳೇ ಕಾರು ತಗೊಂಡ. ಒಂದ ಕಾಲಕ್ಕ ಬಿಳೇದು ಇತ್ತಂತ. ನಾವು ನೋಡೂದ್ರಾಗ ಜ್ವಾಳದ ಹಿಟ್ಟಿನ ಬಣ್ಣಕ್ಕ ಬಂದಿತ್ತು. ಡಿಕ್ಕಿ ತುಂಬ ಬಳಿ, ಹಿಂದಿನ ಸೀಟಿನ ಅರ್ಧಾ ಬಳಿ, ಮುಂದ ಅತ್ತರಿನ ವಾಸನಿ, ಇಸ್ತ್ರಿ ಮಾಡಿದ ಅಂಗಿ, ಕಪ್ಪು ಚಸ್ಮಾ ಹಾಕ್ಕೊಂಡು ಕುಂತ ಕಾಕಾ. ಗಾಡಿ ಹೊಂಟ್ರ ಹಿಂದ ಕಿಣಿಕಿಣಿ ಸಪ್ಪಳ. ಊರಾಗಿನ ಹೆಂಗಸರಿಗೆ ಹಾರ್ನ್ ಬೇಕಾಗಿದ್ದಿಲ್ಲ.

ಬಳಿ ಇಡಿಸೋದ್ರಾಗ ಅವನ ಕೈ ಹಿಡಿಯೋರು ಇದ್ದಿಲ್ಲ ಬಿಡ್ರಿ. ಅಂಗೈ ಹಿಡಕೊಂಡು ಬಟ್ಟಿನ ಬುಡಾ ಒತ್ತಿ, "ಕೈ ಸಡ್ಲ ಬಿಡವಾ, ಬಳಿ ತಾನ ಏರತೈತಿ," ಅಂತಿದ್ದ. ಅಷ್ಟರಾಗ ಬಳಿ ಏರಿರ್ತಿತ್ತು. ಈ ಮಾತು ಅವಗ ಎಷ್ಟು ರೂಢಿ ಆಗಿತ್ತಂದ್ರ, ಬಸ್‌ಸ್ಟ್ಯಾಂಡಿನಾಗ ಇಬ್ಬರು ಕೊರಳಪಟ್ಟಿ ಹಿಡಕೊಂಡು ಬಡದಾಡಾಕ ಹತ್ತಿದ್ರೂ ನಡುವ ಹೋಗಿ, "ಕೈ ಸಡ್ಲ ಬಿಡ್ರೆಪಾ," ಅಂತಿದ್ದ. ಒಮ್ಮೆ ಅವರಿಬ್ಬರೂ ಕೈ ಸಡ್ಲ ಬಿಟ್ಟು ಇವನ್ನ ಹಿಡಕೊಂಡಿದ್ರು. ಇನ್ನೊಂದು ಅವನ ಚಾಳಿ ಅಂದ್ರ, ಮಾತಾಡಾಕ ಅವಗ ಎರಡೂ ಕೈ ಬೇಕಾಗತಿದ್ವು. ಚಾದ ಕಪ್ಪು ಕೈಯಾಗ ಇದ್ರ ಮೂಕ ಆಗಿ ಕುಂತಿರ್ತಿದ್ದ, ಕಪ್ಪು ಕೆಳಗ ಇಟ್ಟಾಗ ಚಾಲೂ. ಸ್ಟೇರಿಂಗ್ ಹಿಡದಾಗನೂ ಇದ ಕತಿ. ಅದಕ್ಕ ನಮ್ಮವ್ವ ಗಾಡಿ ಹತ್ತಿದ ಕೂಡಲೇ, "ಅಣ್ಣಾ, ದಾರ್ಯಾಗ ಯಾರೂ ನಿನ್ನ ಏನೂ ಕೇಳೂದಿಲ್ಲ, ನೀನೂ ಏನೂ ಹೇಳಬ್ಯಾಡ," ಅಂತ ಮೊದಲ ಕರಾರು ಮಾಡಿಕೊಳ್ಳತಿದ್ಲು.

ಗದಗ ಹೊಸದಾಗಿ ಜಿಲ್ಲಾ ಆದ ವರ್ಷ ಕಾಕಾನ ಎದಿ ಒಂದು ಗೇಣು ಮುಂದ ಬಂತು. ಜಿಲ್ಲಾ ತಾನ ಮಾಡಿಸಿದಂಗ ಅಡ್ಯಾಡಿದ. ಕಾರಿನ ಹಿಂದ ಕೆಂಪು ಬಣ್ಣದಾಗ 'ಗದಗ ಜಿಲ್ಲಾ' ಅಂತ ಬರಸಿದ. ಒಂದು ನಮೂನಿ ಹಸರ ಬಳಿಗೆ 'ಹೊಸ ಜಿಲ್ಲಾ ಬಳಿ' ಅಂತ ಹೆಸರಿಟ್ಟ. ಮುಂಡರಗಿಯಿಂದ ಲಕ್ಷ್ಮೇಶ್ವರದ ತನಕ ಹೆಂಗಸರು ಅದನ್ನ ಕೇಳಿ ಕೇಳಿ ಇಡಿಸಿಕೊಂಡ್ರು. ಹಿಂದಿನ ವರ್ಷ ಅದ ಬಳಿ ಯಾರೂ ಮೂಸಿ ನೋಡಿದ್ದಿಲ್ಲ. ಇನ್ನ ಊರಾಗ ಏನಾರ ತಂಟೆ ಬಂತಂದ್ರ, "ಈಗ ಡಿ.ಸಿ. ಸಾಹೇಬ್ರು ಕೂಗಳತ್ಯಾಗ ಅದಾರ, ಧಾರವಾಡಕ್ಕ ಹೋಗೋದು ಬ್ಯಾಡ, ಒಂದ ಮಾತು ಹೇಳಿಬಿಡೂಣು," ಅಂತಿದ್ದ. ಗಾಡಿ ಕುದ್ದು ನಿಂತಾಗ ನಾನು ಒಮ್ಮೆ ಕೇಳಿದ್ದೆ, "ಇದನ್ನೂ ಡಿ.ಸಿ. ಸಾಹೇಬ್ರಿಗೆ ಹೇಳೂಣೇನು ಕಾಕಾ?" ಅವಗ ಅದು ಚಾಷ್ಟಿ ಅಂತ ತಿಳೀಲಿಲ್ಲ. ವಿಚಾರ ಮಾಡಿ, "ಬ್ಯಾಡಪಾ, ಹೊಸದಾಗಿ ಬಂದಾರ, ಅವರಿಗೂ ತ್ರಾಸು," ಅಂದ.

ಗಾಡಿ ಕುದಿಯೋದು ಅಂದೆನಲ್ಲ, ಅದ ಮುಖ್ಯ ಮಾತು. ಆ ಕಾರಿಗೆ ಎರಡು ರೋಗ ಇದ್ವು. ಒಂದು, ಕೀಲಿ ತಿರುವಿದ್ರ ಸೆಲ್ಫ್ ಹತ್ತತಿದ್ದಿಲ್ಲ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದ್ರ ಚಾಲೂ ಆಗೋದು, ಖರೆ. ಆದ್ರ ಹ್ಯಾಂಡಲ್ ತಿರುಗಿ ಹೊಡದು ಮಣಿಕಟ್ಟು ಮುರದ್ರ ಬಳಿ ಇಡಿಸೋರು ಯಾರು ಅಂತ ಅದನ್ನ ಮನ್ಯಾಗ ಅಟ್ಟದ ಮ್ಯಾಲ ಒಗದುಬಿಟ್ಟಿದ್ದ. ಹಿಂಗಾಗಿ ಎಲ್ಲಿ ನಿಂತ್ರೂ ಇಳಿಜಾರು ನೋಡಿ, ಗಾಡಿ ಮಾರಿ ತೆಳಗ ಮಾಡಿನ ನಿಲ್ಲಸ್ತಿದ್ದ. ಬ್ರೇಕು ಬಿಟ್ರ ಉಳ್ಳಿಕೋತ ಹೋಗಿ ತಾನ ಚಾಲೂ ಆಗಬೇಕು. ನಮ್ಮ ಕಡೆ ಎರಿ ಭೂಮಿ, ತಾಟು ಹರವಿದಂಗ ಸಪಾಟ. ಇಂಥಾದ್ರಾಗ ಯಾವ ಊರಾಗ ಎಲ್ಲಿ ಇಳಿಜಾರು ಐತಿ ಅನ್ನೋದು ಕಾಕಾಗ ಬಾಯಿಪಾಠ. ಸೊರಟೂರದಾಗ ಕೆರಿ ದಂಡಿ, ಬೆಳ್ಳಟ್ಟ್ಯಾಗ ತಿಪ್ಪಿ ಪಕ್ಕದ ದಿಬ್ಬ. ವ್ಯಾಪಾರ ಬಜಾರದಾಗ ಅಲ್ಲ, ಇಳಿಜಾರ ಇದ್ದಲ್ಲೆ. ಹೆಂಗಸರು ಬಳಿ ಇಡಿಸಿಕೊಳ್ಳಾಕ ತಿಪ್ಪಿತನಕ ನಡಕೋತ ಬರತಿದ್ರು.

ಎರಡನೇ ರೋಗ ಕುದಿಯೋದು. ಹತ್ತು ಹನ್ನೆರಡು ಮೈಲಿ ಹೋಗೂದ್ರಾಗ ಬಾನೆಟ್ಟಿನ ಸಂದ್ಯಾಗಿಂದ ಉಗಿ ಏಳತಿತ್ತು. ಎದುರಿನ ಡಬ್ಬ್ಯಾಗ ಕಾವು ತೋರಸೋ ಮುಳ್ಳು ಒಂದಿತ್ತು. ಅದಕ್ಕ ಕಾಕಾ ಕೈವಸ್ತ್ರ ಹೊಚ್ಚಿಬಿಟ್ಟಿದ್ದ. "ನೋಡಕೋತ ಕುಂತ್ರ ಅದು ಇನ್ನೂ ಏರತೈತಿ. ಹಾಲು ಕಾಸೋ ಹೆಂಗಸ್ರನ್ನ ಕೇಳು ಬೇಕಾದ್ರ," ಅಂತ ನನಗ ತಿಳಿಸಿ ಹೇಳಿದ. ಹಾಲು ನೋಡದಿದ್ರ ಉಕ್ಕತೈತಿ ಕಾಕಾ ಅಂದ್ರ, "ಅದು ಎಮ್ಮಿ ಹಾಲು," ಅಂದ. ಇಂಥಾವನ ಕೂಡ ಏನ ವಾದ ಮಾಡ್ತೀರಿ!

ಗದಗಿನ ಮಿಸ್ತ್ರಿ ಬರೊಬ್ಬರಿನ ಹೇಳಿದ್ದ. ಇಂಜಿನ್ ತಂಪು ಮಾಡೋ ನೀರಿನ ದಾರ್ಯಾಗ ಗಾಳಿ ಸಿಕ್ಕೊಂಡೈತಿ, ಗಾಳಿ ಇದ್ದಲ್ಲಿ ನೀರು ಹಾಯೂದಿಲ್ಲ, ಅದಕ್ಕ ಕಾಯತೈತಿ ಅಂತ. ಗಾಳಿ ತಗದು ಕೊಡತಿದ್ದ. ನಾಕು ದಿನ ಗಾಡಿ ತಣ್ಣಗ ಓಡತಿತ್ತು. ಆಮ್ಯಾಲೆ ಮತ್ತ ಅದ ಹಾಡು. ಕಾಕಾ ಹೋಗಿ ಮಿಸ್ತ್ರಿಗೆ ಬೈಯೋದು, ಮಿಸ್ತ್ರಿ ಕಾಕಾಗ ಬೈಯೋದು. "ಗಾಳಿ ಚಕ್ರದಾಗ ಇರೂದು. ಇಂಜಿನ್ನಾಗ ಅದು ಹ್ಯಾಂಗ ಹೊಕ್ಕಿತು? ನೀನ ಹೊಗಿಸಿ ನೀನ ತಗೀತಿ," ಅಂತ ಕಾಕಾನ ವಾದ. ಕಡೀಕ ಮಿಸ್ತ್ರಿ ಕೈ ಮುಗದು ಗ್ಯಾರೇಜಿನ ಬಾಗಿಲಾ ಹಾಕ್ಕೊಂಡ. ಕಾಕಾ ಗಾಡಿಗೆ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ.

ಇನ್ನ ನನ್ನ ಸುದ್ದಿ. ಊರ ಮಂದಿ ಲಗ್ನಪತ್ರಿಕಿ ಎಲ್ಲಾ ನಮ್ಮ ಪ್ರೆಸ್ಸಿನಾಗ ಅಚ್ಚಾಗತಿದ್ವು, ನನ್ನದೊಂದ ಆಗಿದ್ದಿಲ್ಲ. ಮೂವತ್ತು ದಾಟಿತ್ತು. ಬಳಿಗಾರಗ ಮನಿಮನಿ ಹೆಣ್ಣುಮಕ್ಕಳ ಕೈ ಗೊತ್ತು, ಹಿಂಗಾಗಿ ಸಂಬಂಧ ಕೂಡಸೋ ನಡುವಿನ ಮನಶಾನೂ ಅವನ. ಅವನು ಕೂಡಿಸಿದ ಲಗ್ನದ ಪತ್ರಿಕಿ ನಾನು ಅಚ್ಚು ಹಾಕತಿದ್ದೆ. "ಈ ಹುಡುಗನ ಕೆಲಸ ನನಗ ಬಿಡ್ರಿ ಅಕ್ಕಾರ," ಅಂತ ನಮ್ಮವ್ವಗ ಮಾತು ಕೊಟ್ಟ. ಅವ್ವ ಬಿಟ್ಲು. ಅಲ್ಲಿಂದ ನನ್ನ ಗ್ರಹಚಾರ ಚಾಲೂ ಆತು.

ಮೊದಲು ಸೊರಟೂರಕ್ಕ ಹೆಣ್ಣು ನೋಡಾಕ ಹೋದ್ವಿ. ಊರ ಹೊರಗ ಗಾಡಿ ನಿಂತಿತು. ನಾನು ನೂಕಿಕೋತ ಹುಡುಗಿ ಮನಿ ಮುಂದ ಬಂದೆ, ಕಾಕಾ ಕಪ್ಪು ಚಸ್ಮಾ ಹಾಕ್ಕೊಂಡು ಸ್ಟೇರಿಂಗ್ ಹಿಡಕೊಂಡು ಕುಂತಿದ್ದ. ಹುಡುಗಿ ಮಾವ ಬಂದು ಕಾಕಾನ ಕೈ ಹಿಡದು ಒಳಗ ಕರಕೊಂಡು ಹೋದ, ನನಗ ಗಾಡಿ ನೂಕೋ ಆಳು ಅಂತ ತಿಳದು ಕಟ್ಟಿ ಮ್ಯಾಲ ಕುಂಡ್ರಾಕ ಹೇಳಿದ. ಆಮ್ಯಾಲೆ ಬೆಳ್ಳಟ್ಟಿ. ಅಲ್ಲಿ ರೇಡಿಯೇಟರಿನ ಮುಚ್ಚಳ ತಗಿಯೂದ್ರಾಗ ಕೆಂಪನ ತುಕ್ಕಿನ ನೀರು ಕಾರಂಜಿ ಹಂಗ ಹಾರಿತು. ನಾನು ದೂರ ನಿಂತಿದ್ದೆ, ಪುಣ್ಯಾಕ್ಕ ಸುಡಲಿಲ್ಲ. ಆದ್ರ ಬಿಳೇ ಅಂಗಿ ತುಂಬ ಕೆಂಪು ಕಲಿ. ಹುಡುಗಿ ಅತ್ತಿ ಬಾಗಲದಾಗ ನಿಂತು ನನ್ನ ಮ್ಯಾಲ ತೆಳಗ ನೋಡಿ, "ಹುಡುಗ ಯಾವ ಗ್ಯಾರೇಜಿನಾಗ ಅದಾನರಿ?" ಅಂದ್ಲು. ನಾನು ಒಂದೆರಡು ಮಾತು ಆಡಿದೆ. ಅಷ್ಟಕ್ಕ ಆ ಸಂಬಂಧ ಮುಗೀತು. ನನಗ ಸಿಟ್ಟು ಲಗೂನ ಬರತೈತಿ. ಇದನ್ನ ನಾನ ಹೇಳಬೇಕಂತಿಲ್ಲ, ನಮ್ಮ ಓಣ್ಯಾಗ ಯಾರನ್ನ ಕೇಳಿದ್ರೂ ಹೇಳ್ತಾರ.

ಮೂರನೇದು ಕೊರ್ಲಹಳ್ಳಿ ಹುಡುಗಿ. ಈಕಿನ್ನ ನಾನು ಮೊದಲ ನೋಡಿದ್ದೆ. ಮುಂಡರಗಿ ಸಂತಿ ದಿನ ಕಾಕಾನ ಗಾಡಿ ಹಂತೇಕ ಬಳಿ ಇಡಿಸಿಕೊಳ್ಳಾಕ ಬಂದಿದ್ಲು. ಕಾಕಾ ಮಾತಾಡೋ ಭರದಾಗ ಕೈ ಬೀಸಿ ಅಕಿ ಆರಿಸಿಟ್ಟ ಒಂದು ಡಜನ್ ಬಳಿ ಕೆಡವಿ ಒಡದ. ಬ್ಯಾರೆ ಯಾರಾದ್ರೂ ಇದ್ರ ಮಾರಿ ಸಣ್ಣ ಮಾಡತಿದ್ರು. ಈಕಿ ಹೊಟ್ಟಿ ಹಿಡಕೊಂಡು ನಕ್ಕು, "ಕಾಕಾ, ಇನ್ನ ನಾಕು ಡಜನ್ ಮುಂದ ಇಡ್ಲೇನು?" ಅಂದ್ಲು. ಆ ನಗಿ ನನ್ನ ತಲ್ಯಾಗ ಕುಂತಬಿಡ್ತು. ಮನಿಗೆ ಬಂದು ಅವ್ವಗ, "ಆದ್ರ ಅಕಿನ, ಇಲ್ಲಂದ್ರ ಪ್ರೆಸ್ಸ ನನ್ನ ಹೆಂಡತಿ," ಅಂತ ಹೇಳಿಬಿಟ್ಟೆ.

ಆದ್ರ ಆ ಮನ್ಯಾಗ ಒಂದು ತೊಡಕು ಇತ್ತು. ಹಿರೇ ಮೊಮ್ಮಗಳನ್ನ ಒಬ್ಬ ಸಿಡುಕನಿಗೆ ಕೊಟ್ಟು ಅವರಜ್ಜ ಭಾಳ ನೊಂದಿದ್ದ. ಆ ಅಳಿಯ ಮಾತಿಗೊಮ್ಮೆ ಅಕಿನ್ನ ತವರಿಗೆ ಅಟ್ಟತಿದ್ದ. ಅದಕ್ಕ ಈ ಹುಡುಗಿಗೆ ಶಾಂತ ಸ್ವಭಾವದಾಂವನ ಬೇಕು, ಬ್ಯಾರೆ ಏನೂ ಬ್ಯಾಡ ಅಂತ ಅಜ್ಜ ಹಟ ಹಿಡದಿದ್ದ. ಕಾಕಾ ಅಲ್ಲಿ ಹೋಗಿ, ಹುಡುಗ ಬಾಯಾಗ ಬಟ್ಟು ಇಟ್ರೂ ಕಡಿಯಾಂವಲ್ಲ ಅಂತ ಹೇಳಿ ಬಂದಿದ್ದ. ನನಗ ಬಂದು ಸುದ್ದಿ ಹೇಳಿದಾಗ, "ಸುಳ್ಳು ಯಾಕ ಹೇಳಿದಿ?" ಅಂತ ನಾನು ಹರಿಹಾಯ್ದೆ. "ನೋಡು, ಇದನ್ನ ಅಲ್ಲಿ ಮಾಡಬ್ಯಾಡ," ಅಂದ ಕಾಕಾ.

ಗುರುವಾರ ಹೆಣ್ಣು ತೋರಸೋದು ಅಂತ ಆತು. ಒಂದೂವರಿಗೆ ರಾಹುಕಾಲ ಹತ್ತತೈತಿ, ಅದರೊಳಗ ಬರಬೇಕು, ಬರದಿದ್ರ ಇದು ಕೂಡಿ ಬರೋ ಸಂಬಂಧ ಅಲ್ಲ ಅಂತ ತಿಳಕೊಳ್ಳತೀನಿ ಅಂತ ಅಜ್ಜ ಖಡಕ್ಕಾಗಿ ಹೇಳಿ ಕಳಿಸಿದ್ದ. ನಮ್ಮಪ್ಪ ಶಾಣ್ಯಾ. "ನಾ ಮುಂಜಾನಿ ಬಸ್ಸಿಗೆ ಹೋಗಿ ಕುಂತಿರ್ತೀನಿ, ಯಾರಾರ ಒಬ್ಬರು ಮುಟ್ಟಲಿ," ಅಂತ ಎದ್ದು ಹೋಗಿಬಿಟ್ಟ. ನಾನೂ ಬಸ್ಸಿಗೆ ಬರ್ತೀನಿ ಅಂದ್ರ ಅವ್ವ ಬಿಡಲಿಲ್ಲ. ನಡುವಿನ ಮನಶಾನ್ನ ಬಿಟ್ಟು ಹೆಣ್ಣು ನೋಡಾಕ ಹೋದ್ರ ಅವಗ ಅವಮಾನ ಮಾಡಿದಂಗ, ಅವನು ಎಷ್ಟು ಅಡ್ಯಾಡ್ಯಾನ ಅಂದ್ಲು. ಆತು, ಬಳಿ ನಡುವ ಅವ್ವ, ಮುಂದ ನಾನು. ಬೆಟಗೇರಿ ಬಿಟ್ವಿ.

ಡಂಬಳ ದಾಟಿ ಸ್ವಲ್ಪ ಮುಂದ ಹೋಗೂದ್ರಾಗ ಉಗಿ ಎದ್ದಿತು. ಕಪ್ಪತಗುಡ್ಡ ಬಲಕ್ಕ ಕಾಣತಿತ್ತು. ಅಲ್ಲೆ ರಸ್ತೆ ತುಸು ಇಳೀತಿತ್ತು, ಕಾಕಾ ರೂಢಿ ಪ್ರಕಾರ ಮಾರಿ ತೆಳಗ ಮಾಡಿ ಬಂದ ಮಾಡಿದ. ಕಾವು ಇಳಿಯೂತನಕ ಕುಂತ್ವಿ. ನಾನು ಹೊಲದ ಬಾಂವಿಗೆ ಹೋಗಿ ಕೊಡಾ ನೀರು ತಂದೆ. ಹಾದ್ಯಾಗ ಎಷ್ಟೋ ನೀರು ಉಕ್ಕಿ ಹೋಗಿತ್ತು, ಆದ್ರೂ ಒಂದು ತಂಬಿಗಿ ಹಾಕೂದ್ರಾಗ ರೇಡಿಯೇಟರ್ ಬಾಯಿತನಕ ತುಂಬಿ ನಿಂತಿತು. "ನೋಡಿದ್ಯೇನ, ಹೊಟ್ಟಿ ತುಂಬಿತು," ಅಂದ ಕಾಕಾ. ಬ್ರೇಕು ಬಿಟ್ಟ, ಗಾಡಿ ಉಳ್ಳಿತು, ಚಾಲೂ ಆತು. ತುಸು ದೂರ ಹೋಗೂದ್ರಾಗ ಮತ್ತ ಬುಸ್ಸಂತು. ಮತ್ತೊಂದು ಇಳಿಜಾರು ಸಿಗೂತನಕ ಉಗಿ ಬಿಟಕೋತನ ಹೋದ್ವಿ. ನಾನು ಮತ್ತ ಕೊಡಾ ಹೊತ್ತೆ.

"ಇದು ಗಾಡಿ ಅಲ್ಲ, ಚಾದ ಅಂಗಡಿ!" ಅಂತ ನಾನು ಒದರಿದೆ. "ಒಂದ ಬೋರ್ಡ ಹಚ್ಚು, ಬಂದೋರಿಗೆ ಕಪ್ಪು ಕೊಡು!"

"ತಮ್ಮಾ, ಸಿಟ್ಟು ಮಾಡಿದ್ರ ಗಾಡಿಗೆ ಗೊತ್ತಾಗತೈತಿ," ಅಂದ ಕಾಕಾ.

"ಗೊತ್ತಾಗಲಿ! ಅದಕ್ಕರೆ ನಾಚಿಕಿ ಬರಲಿ!"

ಅಷ್ಟರಾಗ ಹೊಲದಾಗ ಕಳೇವು ತಗಿಯಾಕ ಹತ್ತಿದ್ದ ಹೆಂಗಸರು ಗಾಡಿ ಗುರುತು ಹಿಡದು, "ಬಳಿಗಾರ ಕಾಕಾ ಬಂದ!" ಅಂತ ಓಡಿಕೋತ ಬಂದ್ರು. ಈ ಮನಶಾ ಏನ ಮಾಡಬೇಕು? ಡಿಕ್ಕಿ ತಗದ! ಹಸರ ಬಳಿ ಹರವಿದ! ನನ್ನ ಲಗ್ನ ಬಿಸಲಾಗ ಬಾಡಾಕ ಹತ್ತಿತ್ತು, ಇಲ್ಲಿ 'ಹೊಸ ಜಿಲ್ಲಾ ಬಳಿ' ವ್ಯಾಪಾರ! ನಾನು ಕೊಡಾ ಹೊತ್ತುಕೊಂಡು ಬರೂದ್ರಾಗ ಒಬ್ಬಾಕಿ ಕೈಗೆ ಬಳಿ ಏರಾಕ ಹತ್ತಿತ್ತು. ನಾನು ಆವತ್ತ ಏನೇನ ಅಂದೆ ಅನ್ನೋದನ್ನ ಇಲ್ಲಿ ಬರಿಯಾಕ ಬರೂದಿಲ್ಲ. ಆ ಹೆಂಗಸರ ಪೈಕಿ ಒಬ್ಬಾಕಿ ಕಿವಿ ಮುಚ್ಚಿಕೊಂಡ್ಲು, ಇನ್ನೊಬ್ಬಾಕಿ ಇನ್ನೂ ಹತ್ತರ ಬಂದು ನಿಂತು ಕೇಳಿದ್ಲು.

ಅವ್ವ ಮಾತ್ರ ಗಾಡಿ ಮುಂದ ಸುಮ್ನ ನಿಂತು ನೋಡಾಕ ಹತ್ತಿದ್ಲು. ನಮ್ಮವ್ವ ಓಣ್ಯಾಗ ಎಷ್ಟೋ ಬಾಣಂತೇರ ಕೂಸಿಗೆ ಎರದಾಕಿ. ಅಕಿ ಕಾಕಾನ್ನ ಕರದು ಕೇಳಿದ್ಲು, "ಅಣ್ಣಾ, ಇದರ ನೀರು ಕುಡಿಯೋ ಬಾಯಿ ಎಲ್ಲೈತಿ?"

"ಇಲ್ಲೆ, ಮುಂದ ಐತೆಲ್ಲರಿ ಅಕ್ಕಾರ."

"ಬಾಯಿ ಮುಂದ ಐತಿ. ನೀ ಯಾವಾಗ್ಲೂ ಅದರ ಮಾರಿ ತೆಳಗ ಮಾಡಿನ ನೀರು ಕುಡಸ್ತಿ. ಹೊಟ್ಟ್ಯಾಗಿನ ಗಾಳಿ ಮ್ಯಾಲಕ್ಕ ಏರತೈತಿ. ಮ್ಯಾಲ ಯಾವುದೈತಿ? ಹಿಂದಿನ ಕಡೆ. ಅಲ್ಲೇ ಕುಂಡ್ರತೈತಿ ಅದು. ಕೂಸಿಗೆ ಹಾಲು ಕುಡಿಸಿ ತಲಿ ತೆಳಗ ಮಾಡಿ ಹಿಡದ್ರ ತೇಗು ಹ್ಯಾಂಗ ಬರಬೇಕು? ಕಕ್ಕಾಕ ಬೇಕು ಅದು, ಕಕ್ಕಾಕ ಹತ್ತೈತಿ."

"ಅಕ್ಕಾರ, ಇದು ಕೂಸಲ್ಲ, ಕಾರು," ಅಂದ ಕಾಕಾ, ಅವಮಾನ ಆದಾವನಂಗ.

"ಹೊಟ್ಟಿ ಎಲ್ಲಾರದೂ ಒಂದ. ಮಾರಿ ಮ್ಯಾಲ ಮಾಡು."

"ಮಾರಿ ಮ್ಯಾಲ ಮಾಡಿ ಬಂದ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲರಿ!"

"ಬಂದ ಯಾಕ ಮಾಡ್ತಿ? ಚಾಲೂ ಇದ್ದಾಗನ ತಿರುವು."

ಕಾಕಾ ಅವಕ್ಕಾದ. ಇಷ್ಟು ವರ್ಷ ಗಾಡಿ ನಿಂತ ಕೂಡಲೇ ಇಂಜಿನ್ ಬಂದ ಮಾಡೋದ ಅವನ ಪದ್ಧತಿ. ಸೆಲ್ಫ್ ಹತ್ತೂದಿಲ್ಲ ಅಂತ ಮಾರಿ ತೆಳಗ ಮಾಡಿ ನಿಲ್ಲಸ್ತಿದ್ದ, ಮಾರಿ ತೆಳಗ ಮಾಡಿ ನೀರು ಹಾಕತಿದ್ದ, ಅದಕ್ಕ ಗಾಳಿ ಸಿಕ್ಕೊಳ್ಳತಿತ್ತು, ಮಿಸ್ತ್ರಿ ತಗದ ಗಾಳಿನ್ನ ಮುಂದಿನ ಊರಾಗ ಇವನ ಮತ್ತ ಒಳಗ ಹೊಗಸ್ತಿದ್ದ. ಒಂದು ರೋಗಕ್ಕ ಮಾಡಿದ ಮದ್ದ ಇನ್ನೊಂದು ರೋಗ ತಂದಿತ್ತು.

ಗಾಡಿ ತಣ್ಣಗಾದ ಮ್ಯಾಲೆ ಉಳ್ಳಿಸಿ ಚಾಲೂ ಮಾಡಿ, ಹಂಗ ತಿರುವಿ, ಅದ ಏರಿಗೆ ಮಾರಿ ಮ್ಯಾಲ ಮಾಡಿ ನಿಲ್ಲಿಸಿದ್ವಿ. ಹಿಂದಿನ ಚಕ್ರಕ್ಕ ಕಲ್ಲು ಕೊಟ್ಟೆ. ಇಂಜಿನ್ ಕೈ ಬಿಟ್ರ ನಿಲ್ಲತಿತ್ತು. ಅದಕ್ಕ ಕಾಕಾ ಬಾನೆಟ್ಟಿನ ಒಳಗ ಒಂದು ಕೈ ಹಾಕಿ ಎಕ್ಸಲೇಟರ್ ತಂತಿ ಎಳದು ಹಿಡಕೊಂಡು ನಿಂತ. ಒಂದ ಕೈ ಉಳೀತು, ಮಾತು ಅರ್ಧಕ್ಕರ್ಧ ಆತು. ನಾನು ಮುಚ್ಚಳ ತಗದು ಸಣ್ಣಗ ನೀರು ಹೊಯ್ಯಕೋತ ಹೋದೆ, ಹಸಿ ಟಾವೆಲ್ ಹಿಡಕೊಂಡು ಮ್ಯಾಲಿನ ದಪ್ಪ ರಬ್ಬರ್ ಪೈಪು ಒತ್ತಿ ಒತ್ತಿ ಬಿಟ್ಟೆ. ಮೊದಲು ಏನೂ ಇಲ್ಲ. ಆಮ್ಯಾಲೆ ಗುಳು ಅಂತು. ಗುಳುಗುಳು ಅಂತು. ಒಮ್ಮಿಗೇ ಇಂಥಾ ದೊಡ್ಡ ತೇಗು ತೇಗಿತಂದ್ರ, ಕಳೇವಿನ ಹೆಂಗಸರು ಹಿಂದ ಸರದ್ರು. ಬಾಯಿತನಕ ಇದ್ದ ನೀರು ಸರಕ್ಕನ ಒಳಗ ಇಳದು ಹೋತು. ಅವ್ವ ಬಾನೆಟ್ಟಿನ ಬಗಲಿಗೆ ತಟ್ಟಿಕೋತ, "ಹೂಂ, ಬರಲಿ ನನ್ನಪ್ಪ, ಇನ್ನೊಂದು," ಅಂದ್ಲು. ಇನ್ನೊಂದು ಬಂತು. ನಾನು ಬಾಂವಿಗೂ ಗಾಡಿಗೂ ಎಡತಾಕಿದೆ. ಬೈಯೋದಂತೂ ಬಿಡಲಿಲ್ಲ, ಕಾಕಾಗ, ಗಾಡಿಗೆ, ಬಾಂವಿ ತೋಡಿದಾವಗ, ಯಾರಿಗೂ ಬಿಡಲಿಲ್ಲ. ಗುಳ್ಳಿ ಬರೋದು ನಿಂತ ಮ್ಯಾಲೆ ಮುಚ್ಚಳ ಹಾಕಿದ್ವಿ. ಕಾಕಾ ಅಂಜಕೋತ ಕೈವಸ್ತ್ರ ಸರಿಸಿ ನೋಡಿದ. ಮುಳ್ಳು ನಟ್ಟನಡುವ ನಿಂತಿತ್ತು. "ಯಾ ಅಲ್ಲಾ," ಅಂದ, ಕಣ್ಣಾಗ ನೀರು ತಂದ. ಆ ಮುಳ್ಳು ನಡುವ ನಿಂತದ್ದು ಅವನು ಯಾವತ್ತೂ ನೋಡಿದ್ದಿಲ್ಲ.

ಮುಂಡರಗಿ ದಾಟಿ ಕೊರ್ಲಹಳ್ಳಿಗೆ ಬರೂದ್ರಾಗ ಒಂದು ಗಂಟಿ ಆಗಿ ಹೋಗಿತ್ತು. ಆದ್ರ ಗಾಡಿ ಒಮ್ಮಿನೂ ಕುದೀಲಿಲ್ಲ. ಹುಡುಗಿ ಮನಿ ಹೊಳಿಯಿಂದ ಮ್ಯಾಲ ಬರೋ ಏರಿನ ಪಕ್ಕಕ್ಕ. ಕಾಕಾ ಈಗ ಹೊಸ ಮತಾ ಹಿಡದಾಂವ. "ಅಕ್ಕಾರ ಹೇಳ್ಯಾರ, ಇನ್ನ ಮುಂದ ಮಾರಿ ಮ್ಯಾಲ," ಅಂತ ಏರಿಗೆ ಮಾರಿ ಮಾಡಿ ನಿಲ್ಲಿಸಿದ. ನಿಲ್ಲಿಸಿದ ಮ್ಯಾಲೆ ನೆನಪಾತು, ಇಂಜಿನ್ ನಿಂತ್ರ ಮತ್ತ ಚಾಲೂ ಆಗೂದಿಲ್ಲ. "ನೀವು ಒಳಗ ನಡ್ರಿ," ಅಂದ ಕಾಕಾ, ಬಾನೆಟ್ಟು ಎತ್ತಿ ತಂತಿ ಹಿಡಕೊಂಡು, "ನಾ ಇದನ್ನ ಬಿಟ್ಟು ಬರಾಂಗಿಲ್ಲ."

ಒಳಗ ನಮ್ಮಪ್ಪ ಎಷ್ಟನೇದೋ ಚಾ ಕುಡಕೋತ ಕುಂತಿದ್ದ, ನಮ್ಮನ್ನ ನೋಡಿ ಉಸಿರು ಬಿಟ್ಟ. ಅಜ್ಜ ಗಡಿಯಾರ ನೋಡಿ, "ರಾಹುಕಾಲ ಇನ್ನೂ ಹತ್ತಿಲ್ಲ, ಕುಂಡ್ರಿ," ಅಂದ. ಗಾಡಿ ಸಪ್ಪಳ ಕಿಡಕ್ಯಾಗಿಂದ ಬಡಬಡ ಬರತಿತ್ತು, ಒಬ್ಬರ ಮಾತು ಒಬ್ಬರಿಗೆ ಒದರಿನ ಹೇಳಬೇಕಿತ್ತು. ಹುಡುಗಿ ಅವಲಕ್ಕಿ, ಚಾ ತಂದು ಇಟ್ಲು. ನಾನು ತಲಿ ಎತ್ತಿ ನೋಡಿದೆ, ಅಕಿ ನನ್ನ ತೊಯ್ದ ಅಂಗಿ, ಕೆಸರು ಕಾಲು ನೋಡಿದ್ಲು. "ನಡುವಿನವ್ರು ಎಲ್ಲಿ?" ಅಂದ ಅಜ್ಜ. ಹೊರಗ ಗಾಡಿ ಹಿಡಕೊಂಡು ನಿಂತಾನ ಅಂದ್ವಿ. "ಹೋಗವಾ, ಕಾಕಾಗ ಒಂದು ಕಪ್ಪು ಚಾ ಕೊಟ್ಟು ಬಾ," ಅಂತ ಅಜ್ಜ ಅಕಿನ್ನ ಕಳಿಸಿ, ನನ್ನ ಕಡೆ ಹೊಳ್ಳಿದ.

"ತಮ್ಮಾ, ನಮಗ ಆಸ್ತಿ ಪಾಸ್ತಿ ಕೇಳೂದಿಲ್ಲ. ಒಂದ ಮಾತು. ನಿನಗ ಸಿಟ್ಟು ಬರೂದಿಲ್ಲ ಅಂತ ಬಳಿಗಾರ ಹೇಳ್ಯಾನ. ಖರೆ ಏನು?"

ಅಪ್ಪ ಮ್ಯಾಲಿನ ಜಂತಿ ನೋಡಿದ. ಅವ್ವ ಸೆರಗು ಸರಿ ಮಾಡಿಕೊಂಡ್ಲು. ನನಗ ಸಂತ್ಯಾಗಿನ ಆ ನಗಿ ನೆನಪಾಗಿ, ಅಗದಿ ಸಣ್ಣ ದನಿಲೆ, "ಹೂಂರಿ," ಅಂದೆ.

ಹೊರಗ ಹುಡುಗಿ ಕಾಕಾಗ ಏನೋ ಕೇಳಿದ್ದು ಕಿಡಕ್ಯಾಗ ಕಂಡಿತು. ಸಪ್ಪಳದಾಗ ನಮಗ ಕೇಳಸಲಿಲ್ಲ. ಇಂಥಾ ಪ್ರಶ್ನಿಗೆ ಒಂದ ಕೈಲೆ ಉತ್ತರ ಕೊಡಾಕ ಕಾಕಾಗ ಆಗಲಿಲ್ಲ ಅಂತ ಕಾಣತೈತಿ. ತಂತಿ ಬಿಟ್ಟು ಎರಡೂ ಕೈ ಎತ್ತಿದ. ಇಂಜಿನ್ ದಡಕ್ಕಂತ ನಿಂತಿತು. ಆದ್ರ ಅಷ್ಟೊತ್ತನಕ ಅದರ ಬಾಯಾಗ ನಿಂತು ಕಿವಿ ತುಂಬಿದ್ದ ಕಾಕಾಗ ಅದು ನಿಂತದ್ದು ತಿಳೀಲಿಲ್ಲ. ಇಡೀ ಓಣಿ ಸುಮ್ನಾಗಿತ್ತು, ಅವನೊಬ್ಬ ಗಂಟಲು ಹರಕೊಂಡು ಒದರತಿದ್ದ.

"ಶಾಂತ ಗೀಂತ ಎಲ್ಲಾ ಸುಳ್ಳು, ತಂಗೀ! ಲಗ್ನ ಕೂಡಲಿ ಅಂತ ನಾನ ಹೇಳಿದ್ದು! ಸಿಟ್ಟು ಅವನ ಮೂಗಿನ ಮ್ಯಾಲನ ಕುಂತಿರತೈತಿ! ಬೆಟಗೇರಿಯಿಂದ ಇಲ್ಲೀತನಕ ನನಗ ಬೈಕೋತ ಬಂದಾನ!"

ಅಜ್ಜ ಕೈಯಾಗಿನ ಬಸಿ ಕೆಳಗ ಇಟ್ಟ. ನನಗ ನೆಲಾ ಬಾಯಿ ಬಿಟ್ರ ಸಾಕಾಗಿತ್ತು. ಆತು, ಎಲ್ಲಾ ಮುಗೀತು ಅಂದಕೊಂಡೆ.

"ಆದ್ರ ಬೈಕೋತನ ಕೊಡಾ ಹೊತ್ತಾನವ್ವಾ!" ಕಾಕಾ ಇನ್ನೂ ಒದರತಿದ್ದ. "ಬಾಂವಿಯಿಂದ ಗಾಡಿಗೆ, ಬಿಸಲಾಗ! ಬ್ಯಾಡ ಅಂತ ಒಮ್ಮಿನೂ ಅನ್ನಲಿಲ್ಲ, ಬಿಟ್ಟು ಬಸ್ಸಿಗೆ ಹೋಗಲಿಲ್ಲ! ಬಾಯಿ ಅಷ್ಟ ಕೆಟ್ಟದ್ದು!"

ಹುಡುಗಿ ಖಾಲಿ ಕಪ್ಪು ಹಿಡಕೊಂಡು ಒಳಗ ಬಂದ್ಲು. ಅಜ್ಜ ಅಕಿ ಮಾರಿ ನೋಡಿ, "ಕೇಳಿದಿಲ್ಲೋ?" ಅಂದ.

"ಕೇಳಿದೆ ಅಜ್ಜಾ. ಅಕ್ಕನ ಗಂಡ ಒಂದು ದಿನ ಒಂದು ತಂಬಿಗಿನೂ ಎತ್ತಿಕೊಟ್ಟಿಲ್ಲ. ಬೈಯೋರು ಬೈಲಿ. ಕೊಡಾ ಹೊರೋರು ಎಷ್ಟು ಮಂದಿ ಸಿಗತಾರ?"

ಅಜ್ಜ ನನ್ನ ಕೆಸರು ಕಾಲು ನೋಡಿದ. ಆಮ್ಯಾಲೆ ಒಳಗಿನವರಿಗೆ, "ಸಕ್ಕರಿ ತರ್ರಿ," ಅಂದ. ಅವ್ವ ಅತ್ತುಬಿಟ್ಲು. ನನಗ ಏನ ಮಾಡಬೇಕು ತಿಳೀದ ಅಜ್ಜನ ಕಾಲು ಮುಟ್ಟಿದೆ, ನಮ್ಮಪ್ಪನ ಕಾಲೂ ಮುಟ್ಟಿದೆ, ಪಕ್ಕದಾಗ ಕುಂತಿದ್ದ ಯಾರದೋ ಕಾಲೂ ಮುಟ್ಟಿದೆ.

ಅಷ್ಟರಾಗ ಕಾಕಾ ಬಾಗಲದಾಗ ಬಂದು ನಿಂತ. ಒಳಗ ಏನ ಆಗೈತಿ ಅನ್ನೋದು ಅವಗ ಗೊತ್ತಿಲ್ಲ, ಮಾರಿ ಬಾಡಿತ್ತು. "ಗಾಡಿ ನಿಂತಿತ್ರಿ. ನೂಕಬೇಕು," ಅಂದ. ಹಿಂದಕ್ಕ ಉಳ್ಳಿಸಿ ಚಾಲೂ ಮಾಡಬಾರದೇನು ಅಂದ ನಮ್ಮಪ್ಪ. ಹೆಣ್ಣು ಗೊತ್ತು ಮಾಡಾಕ ಬಂದ ಗಾಡಿ ಹಿಂದಕ್ಕ ಹೊಳ್ಳಬಾರದು ಅಂತ ಕಾಕಾನೂ ಅಜ್ಜನೂ ಒಮ್ಮಿಗೇ ಅಂದ್ರು. ಹಿಂಗಾಗಿ ಎರಡೂ ಮನಿ ಮಂದಿ ಏರಿನ ನೆತ್ತಿತನಕ ಅದನ್ನ ನೂಕಾಕ ಎದ್ವಿ. ಕಾಕಾ ಚಸ್ಮಾ ಹಾಕ್ಕೊಂಡು ಸ್ಟೇರಿಂಗ್ ಹಿಡದು ಕುಂತ, ಒಳಗಿಂದ ಹುಕುಂ ಮಾಡಾಕ ಹತ್ತಿದ. ಇಷ್ಟೊತ್ತು ನಾನು ತಡಕೊಂಡಿದ್ದೆ ನೋಡ್ರಿ, ಇನ್ನ ಆಗಲಿಲ್ಲ. ಡಿಕ್ಕಿಗೆ ಎರಡೂ ಕೈ ಕೊಟ್ಟು ಬಾಯಿ ಬಿಟ್ಟೆ. ಕಾಕಾಗ, ಅವನ ಗಾಡಿಗೆ, ಅವನ ಚಸ್ಮಾಕ್ಕ, ಬಾಯಿಗೆ ಬಂದಂಗ ಅಂದುಕೋತ ನೂಕಿದೆ. ಪಕ್ಕದಾಗ ಬಳಿ ಸಪ್ಪಳ ಕೇಳಿ ಹೊಳ್ಳಿ ನೋಡಿದ್ರ, ಸೆರಗು ನಡಕ್ಕ ಸಿಗಿಸಿಕೊಂಡು ಹುಡುಗಿನೂ ನೂಕಾಕ ಹತ್ತಿದ್ಲು. ನನ್ನ ಬಾಯಿ ಅಲ್ಲೇ ಬಂದ ಆತು.

"ಯಾಕ ನಿಲ್ಲಿಸಿದ್ರಿ?" ಅಂದ್ಲು ಅಕಿ, ನಕ್ಕೋತ. "ನೀವು ಬೈಯ್ರಿ. ಆದ್ರ ನೂಕೋದು ಬಿಡಬ್ಯಾಡ್ರಿ."